ಪೊಲೀಸರ ಬುಲೆಟ್ ಪ್ರೂಫ್ ಜಾಕೆಟ್: ಒಳಗೇನಿದೆ, ಯಾರು ಮಾಡಿದ್ದು, ಎಷ್ಟು ಹಳೆಯದು?

ತುಂಗಾತೀರ

ನನ್ನ ತಮ್ಮ ಮೀಸಲು ಪಡೆಯಲ್ಲಿ ಕಾನ್‌ಸ್ಟೇಬಲ್. ತನಗೆ ಕೊಟ್ಟಿರುವ ಜಾಕೆಟ್‌ನ ಫೋಟೊ ಕಳುಹಿಸಿದ್ದ. ಹೊರಗವಸನ್ನು ಬಿಚ್ಚಿದರೆ ಒಳಗಿನ ಪ್ಯಾನೆಲ್ ಮೇಲೆ ಒಂದು ಬಿಳಿ ಚೀಟಿ ಹೊಲಿದಿದೆ. ಅಳತೆ ಮತ್ತು ತಯಾರಕರ ಹೆಸರಿನ ಅರ್ಧ ಮಾತ್ರ ಓದಲು ಸಿಗುತ್ತದೆ. ಯಾವ ತಿಂಗಳು, ಯಾವ ವರ್ಷ ತಯಾರಾಯಿತು, ಯಾವ ಮಟ್ಟದ ಗುಂಡನ್ನು ತಡೆಯುತ್ತದೆ ಎಂಬ ಸಾಲುಗಳೆಲ್ಲ ಬೆವರಿಗೆ ಅಳಿಸಿಹೋಗಿವೆ. ಒಳಗೇನಿದೆಯಪ್ಪಾ ಎಂದು ಕೇಳಿದೆ. "ಕೆವ್ಲಾರ್ ಇರಬೇಕು ಅಣ್ಣ, ಎಲ್ಲರೂ ಹಾಗೆಯೇ ಹೇಳುತ್ತಾರೆ" ಎಂದ.

ಕೆವ್ಲಾರ್ ಎಂದರೆ ಗುಂಡು ತಡೆಯುವ ಜಾಕೆಟ್‌ಗೆ ಬಳಸುವ ಗಟ್ಟಿ ನೂಲು. ಆದರೆ ಇರಬೇಕು ಎಂಬ ಉತ್ತರ ನನಗೆ ಸಾಲದು. ಏಕೆ ಸಾಲದು ಎಂಬುದಕ್ಕೆ ಅಮೆರಿಕದ ಜೈಲಾನ್ ಪ್ರಕರಣವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಈ ವಿಷಯದಲ್ಲಿ ಆಸಕ್ತಿ ಇರುವವರೆಲ್ಲ ತಿಳಿದಿರಬೇಕಾದ ಸಂಗತಿ ಇದು.

ರಿಚರ್ಡ್ ಡೇವಿಸ್ ಎಂಬವರು 1969ರಲ್ಲಿ ಡೆಟ್ರಾಯಿಟ್‌ನಲ್ಲಿ ಪಿಜ್ಜಾ ತಲುಪಿಸಲು ಹೋಗಿ ದರೋಡೆಕೋರರ ಗುಂಡಿಗೆ ಸಿಕ್ಕಿ ಬದುಕಿ ಉಳಿದರು. ಆಮೇಲೆ ಅಂಗಿಯ ಒಳಗೆ ತೊಡಬಹುದಾದ ಜಾಕೆಟ್ ಹೊಲಿದು, ಮಿಷಿಗನ್‌ನಲ್ಲಿ ಸೆಕೆಂಡ್ ಚಾನ್ಸ್ ಎಂಬ ಕಂಪನಿ ಕಟ್ಟಿದರು. ಪೊಲೀಸರ ಎದುರು ಅದನ್ನು ತಾವೇ ತೊಟ್ಟು, ತಮ್ಮ ಎದೆಗೆ ತಾವೇ ಗುಂಡು ಹಾರಿಸಿಕೊಂಡು ತೋರಿಸುತ್ತಿದ್ದರು. ಇದಕ್ಕಿಂತ ದೊಡ್ಡ ಜಾಹೀರಾತು ಬೇಕೆ? ಅವರ ಜಾಕೆಟ್‌ಗಳು ಬಹಳ ಪೊಲೀಸರ ಪ್ರಾಣ ಉಳಿಸಿದ್ದೂ ನಿಜ.

1990ರ ದಶಕದ ಕೊನೆಯಲ್ಲಿ ಜಪಾನಿನ ಟೊಯೊಬೊ ಕಂಪನಿ ಜೈಲಾನ್ ಎಂಬ ಹೊಸ ನೂಲನ್ನು ಮಾರುಕಟ್ಟೆಗೆ ತಂದಿತು. ಕೆವ್ಲಾರ್‌ಗಿಂತ ಬಲಶಾಲಿ. ಬಲ ಹೆಚ್ಚಿದ್ದರೆ ಪದರ ಕಡಿಮೆ ಸಾಕು, ಜಾಕೆಟ್ ತೆಳುವಾಗುತ್ತದೆ, ಹಗುರವಾಗುತ್ತದೆ. ದಿನವಿಡೀ ತೊಡುವವನಿಗೆ ಅದಕ್ಕಿಂತ ಇನ್ನೇನು ಬೇಕು? ಸೆಕೆಂಡ್ ಚಾನ್ಸ್ ಸೇರಿದಂತೆ ಹಲವು ಕಂಪನಿಗಳು ಜೈಲಾನ್‌ಗೆ ಮುಗಿಬಿದ್ದವು. 2003ರ ಜೂನ್‌ನಲ್ಲಿ ಪೆನ್ಸಿಲ್ವೇನಿಯಾದ ಫಾರೆಸ್ಟ್ ಹಿಲ್ಸ್‌ನಲ್ಲಿ ಅಧಿಕಾರಿಯೊಬ್ಬರ ಜಾಕೆಟ್ ಅನ್ನು, ಅದು ತಡೆಯಲೇಬೇಕಾಗಿದ್ದ ಗುಂಡು ಸೀಳಿಕೊಂಡು ಒಳಹೊಕ್ಕಿತು. ಅಮೆರಿಕದ ರಾಷ್ಟ್ರೀಯ ನ್ಯಾಯ ಸಂಸ್ಥೆಯಾದ ಎನ್‌ಐಜೆ, ಪೊಲೀಸರು ತೊಟ್ಟು ಬಳಸಿದ್ದ 103 ಜೈಲಾನ್ ಜಾಕೆಟ್‌ಗಳನ್ನು ತರಿಸಿ ಗುಂಡು ಹಾರಿಸಿ ನೋಡಿತು. 60 ಜಾಕೆಟ್‌ಗಳಲ್ಲಿ ಒಂದು ಗುಂಡಾದರೂ ಪಾರಾಯಿತು. ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾದವು ಕೇವಲ ನಾಲ್ಕು.

2005ರ ಆಗಸ್ಟ್‌ನಲ್ಲಿ ಜೈಲಾನ್ ಜಾಕೆಟ್‌ಗಳ ಮಾನ್ಯತೆ ಹೋಯಿತು. ಸೆಕೆಂಡ್ ಚಾನ್ಸ್ ಅದಕ್ಕೂ ಮೊದಲೇ, 2004ರಲ್ಲಿ, ದಿವಾಳಿ ಅರ್ಜಿ ಹಾಕಿತ್ತು. ಬಿಸಿ ಮತ್ತು ತೇವಕ್ಕೆ ಜೈಲಾನ್ ಶಕ್ತಿ ಕಳೆದುಕೊಳ್ಳುತ್ತದೆ ಎಂಬುದು 2001ರಿಂದಲೇ ಟೊಯೊಬೊಗೆ ಗೊತ್ತಿತ್ತು ಎಂಬುದು ಅಮೆರಿಕದ ಸರ್ಕಾರದ ಆರೋಪವಾಗಿತ್ತು. ನ್ಯಾಯಾಲಯದ ತೀರ್ಪಿಗೆ ಹೋಗದೆ 2018ರಲ್ಲಿ 6.6 ಕೋಟಿ ಡಾಲರ್ ಕೊಟ್ಟು ಕಂಪನಿ ರಾಜಿ ಮಾಡಿಕೊಂಡಿತು. ಆ ಮೊಕದ್ದಮೆಗೆ ದಾರಿ ಮಾಡಿದವರು ಸೆಕೆಂಡ್ ಚಾನ್ಸ್‌ನಲ್ಲೇ ಸಂಶೋಧನಾ ನಿರ್ದೇಶಕರಾಗಿದ್ದ ಆರನ್ ವೆಸ್ಟ್ರಿಕ್. ಹಿಂದೆ ಪೊಲೀಸ್ ಕೆಲಸದಲ್ಲಿದ್ದಾಗ ಅದೇ ಕಂಪನಿಯ ಜಾಕೆಟ್‌ನಿಂದ ಜೀವ ಉಳಿಸಿಕೊಂಡಿದ್ದ ಮನುಷ್ಯ ಅವರು.

ಹೊಸದಾಗಿದ್ದಾಗ ಪರೀಕ್ಷೆ ಪಾಸಾದ ಜಾಕೆಟ್‌ಗಳೇ ಅವೆಲ್ಲ. ಹೆಸರಾಂತ ಕಂಪನಿಗಳದ್ದೇ. ತೊಟ್ಟವರಿಗೆ ಮಾತ್ರ ಒಳಗೆ ಏನಾಗುತ್ತಿದೆ ಎಂಬುದು ತಿಳಿಯಲಿಲ್ಲ. ಹಾಗಾಗಿ ನನ್ನ ಮಾತು ಇಷ್ಟೇ: ಜಾಕೆಟ್ ತೊಡುವ ಪ್ರತಿಯೊಬ್ಬ ಪೊಲೀಸನಿಗೂ ಅದರೊಳಗಿನ ವಸ್ತು ಯಾವುದು, ಅದರ ವಯಸ್ಸೆಷ್ಟು, ಅದು ಏನನ್ನು ತಡೆಯುತ್ತದೆ, ಏನನ್ನು ತಡೆಯುವುದಿಲ್ಲ ಎಂಬುದು ಗೊತ್ತಿರಬೇಕು. ಗೊತ್ತಿರುವವರು ದಯವಿಟ್ಟು ಬರೆಯಿರಿ.

ಪಾಲಿಮರ್ ಮೇಷ್ಟ್ರು

ತುಂಗಾತೀರ ಅವರೇ, ಒಳ್ಳೆಯ ವಿಷಯ ಎತ್ತಿದ್ದೀರಿ. ಕಾಲೇಜಿನಲ್ಲಿ ಬಹಳ ವರ್ಷ ಪಾಲಿಮರ್ ರಸಾಯನಶಾಸ್ತ್ರ ಹೇಳಿಕೊಟ್ಟವನು ನಾನು. ನನಗೆ ತಿಳಿದಷ್ಟು ಹೇಳುತ್ತೇನೆ.

ಕೆವ್ಲಾರ್ ಎಂಬುದು ಡುಪಾಂಟ್ ಕಂಪನಿ ಇಟ್ಟ ಹೆಸರು. ವಸ್ತುವಿನ ಹೆಸರು ಪ್ಯಾರಾ ಅರಾಮಿಡ್. ಅದೇ ಜಾತಿಯ ನೂಲನ್ನು ನೆದರ್ಲೆಂಡ್ಸ್‌ನ ಕಾರ್ಖಾನೆಗಳಲ್ಲಿ ತಯಾರಿಸಿ ಟ್ವಾರಾನ್ ಎಂದು ಮಾರುವವರು ಜಪಾನಿನ ಟೈಜಿನ್ ಕಂಪನಿಯವರು. ಕೊರಿಯಾದ ಕೋಲಾನ್ ಕಂಪನಿಯದು ಹೆರಾಕ್ರಾನ್. ಕೋಲಾನ್ ತನ್ನ ವ್ಯಾಪಾರ ರಹಸ್ಯ ಕದ್ದಿದೆ ಎಂದು ಡುಪಾಂಟ್ ದೊಡ್ಡ ಜಗಳವನ್ನೇ ಆಡಿತು. 2015ರಲ್ಲಿ ಕೋಲಾನ್ ತಪ್ಪೊಪ್ಪಿಕೊಂಡು ದಂಡ, ಪರಿಹಾರ ಎಲ್ಲ ಸೇರಿ 36 ಕೋಟಿ ಡಾಲರ್ ಕಟ್ಟಬೇಕಾಯಿತು. ಈ ನೂಲಿನ ಬೆಲೆ ಎಂಥದ್ದು ಎಂಬುದು ಇದರಿಂದಲೇ ತಿಳಿಯುತ್ತದೆ. ಈಗ ಡುಪಾಂಟ್ ಕೂಡ ತನ್ನ ಅರಾಮಿಡ್ ವ್ಯವಹಾರವನ್ನು ಆರ್ಕ್ಲಿನ್ ಎಂಬ ಕಂಪನಿಗೆ ಮಾರುವ ಒಪ್ಪಂದವನ್ನು 2025ರಲ್ಲಿ ಮಾಡಿಕೊಂಡಿದೆ.

ಇದನ್ನು ಕಂಡುಹಿಡಿದವರು ಸ್ಟೆಫನಿ ಕ್ವೋಲೆಕ್. 1965ರಲ್ಲಿ ಡುಪಾಂಟ್‌ನ ಪ್ರಯೋಗಾಲಯದಲ್ಲಿ ಅವರು ಹುಡುಕುತ್ತಿದ್ದುದು ಕಾರಿನ ಟೈರಿಗೆ ಹಗುರವಾದ, ಗಟ್ಟಿಯಾದ ನೂಲನ್ನು. ಅವರಿಗೆ ಸಿಕ್ಕಿದ್ದು ನೀರಿನಷ್ಟು ತೆಳುವಾದ, ಮಸುಕು ಮಸುಕಾದ ದ್ರಾವಣ. ಬೇರೆಯವರಾಗಿದ್ದರೆ ಚೆಲ್ಲಿಬಿಡುತ್ತಿದ್ದರು. ನೂಲು ತೆಗೆಯುವ ಯಂತ್ರ ನೋಡಿಕೊಳ್ಳುತ್ತಿದ್ದವರು, ಇದರಿಂದ ಸಣ್ಣ ರಂಧ್ರಗಳು ಕಟ್ಟಿಕೊಳ್ಳುತ್ತವೆ ಎಂದು ಮೊದಲು ಒಪ್ಪಲೇ ಇಲ್ಲ. ಕ್ವೋಲೆಕ್ ಬಿಡಲಿಲ್ಲ. ಬಂದ ನೂಲು ತೂಕಕ್ಕೆ ತೂಕ ಉಕ್ಕಿಗಿಂತ ಐದು ಪಟ್ಟು ಬಲವಾಗಿತ್ತು. ಅದನ್ನು ಪೊಲೀಸರ ಮೈಮೇಲೆ ತಂದವರು ಎನ್‌ಐಜೆಯ ಲೆಸ್ಟರ್ ಶೂಬಿನ್. 1975ರಲ್ಲಿ ಅಮೆರಿಕದ 15 ನಗರಗಳ ಪೊಲೀಸರಿಗೆ 5,000 ಜಾಕೆಟ್ ಕೊಟ್ಟು ಪ್ರಯೋಗ ನಡೆಸಿದರು. ಆ ವರ್ಷ ಮುಗಿಯುವುದರೊಳಗೆ ಸಿಯಾಟಲ್‌ನಲ್ಲಿ ಒಬ್ಬ ಅಧಿಕಾರಿಯ ಜೀವ ಉಳಿಯಿತು.

ಗುಂಡು ನಿಲ್ಲುವುದು ಹೇಗೆ? ಬಲೆಗೆ ಮೀನು ನುಗ್ಗಿದಾಗ ಬಲೆಯ ಉದ್ದಗಲಕ್ಕೂ ಎಳೆತ ಹರಡುತ್ತದೆಯಲ್ಲ, ಹಾಗೆ. ಗುಂಡಿನ ವೇಗವನ್ನು ಒಂದು ಬಿಂದುವಿನಲ್ಲಿ ನಿಲ್ಲಗೊಡದೆ ನೂಲುಗಳು ಬದಿಗೆ ಎಳೆದುಕೊಂಡು ಹೋಗುತ್ತವೆ. ಸೀಸದ ಗುಂಡು ಚಪ್ಪಟೆಯಾಗುತ್ತದೆ, ಮುಂದಿನ ಪದರ ಇನ್ನಷ್ಟು ಹಿಡಿಯುತ್ತದೆ.

ಎರಡನೆಯ ಜಾತಿಯ ನೂಲು ಪಾಲಿಎಥಿಲೀನ್, ಅಂದರೆ ನಮ್ಮ ಪ್ಲಾಸ್ಟಿಕ್ ಕೊಡಗಳ ವಂಶದ್ದೇ, ಆದರೆ ಅಣುಸರಪಳಿ ಬಹಳ ಬಹಳ ಉದ್ದ. ನೆದರ್ಲೆಂಡ್ಸ್‌ನ ಡಿಎಸ್‌ಎಂ ಕಂಪನಿಯಲ್ಲಿ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ ಜೆಲ್ ರೂಪದಿಂದ ಇದರ ನೂಲು ತೆಗೆಯುವ ವಿಧಾನ ಕಂಡುಕೊಂಡರು. ಅದು ಡೈನೀಮಾ. 2022ರಲ್ಲಿ ಆ ವ್ಯವಹಾರವನ್ನು ಅಮೆರಿಕದ ಏವಿಯೆಂಟ್ ಕಂಪನಿ ಕೊಂಡಿತು. ಇದೇ ಜಾತಿಯ ಸ್ಪೆಕ್ಟ್ರಾ 2025ರವರೆಗೆ ಹನಿವೆಲ್‌ನವರದಾಗಿತ್ತು. ನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ ಈ ನೂಲಿನದು 0.97, ಹಾಗಾಗಿ ನೀರಿನಲ್ಲಿ ತೇಲುತ್ತದೆ. ಅರಾಮಿಡ್‌ನದು 1.44. ಹಗುರವಾದ ಜಾಕೆಟ್ ಎಂದು ಜಾಹೀರಾತು ಕಂಡರೆ ಒಳಗಿರುವುದು ಬಹುಮಟ್ಟಿಗೆ ಇದೇ. ತೇವಕ್ಕೆ ಹೆದರುವುದಿಲ್ಲ, ಆದರೆ ಬಿಸಿಗೆ ಹೆದರುತ್ತದೆ. ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಯೇ ಹೋಗುತ್ತದೆ. ಅದಕ್ಕಿಂತ ಬಹಳ ಕಡಿಮೆ ಬಿಸಿಯಲ್ಲೂ, ಬೇಸಗೆಯಲ್ಲಿ ಮುಚ್ಚಿದ ಜೀಪಿನ ಡಿಕ್ಕಿಯಂಥ ಜಾಗದಲ್ಲಿ ತಿಂಗಳುಗಟ್ಟಲೆ ಬಿದ್ದಿರುವುದು ಅದಕ್ಕೆ ಒಳ್ಳೆಯದಲ್ಲ.

ಜೈಲಾನ್ ಕಥೆಗೆ ಒಂದು ಮಾತು ಸೇರಿಸುತ್ತೇನೆ. ಅದರ ನೂಲನ್ನು ತೆಗೆಯುವುದು ಪಾಲಿಫಾಸ್ಫಾರಿಕ್ ಆಮ್ಲದಲ್ಲಿ ಕರಗಿಸಿದ ದ್ರಾವಣದಿಂದ. ಎಷ್ಟೇ ತೊಳೆದರೂ ಆಮ್ಲದ ಅಂಶ ಒಂದಿಷ್ಟು ಉಳಿಯುತ್ತದೆ. ಬೆವರಿನ ತೇವ ಸೇರಿದಾಗ ಅಣುವಿನ ಉಂಗುರ ಬಿಚ್ಚಿಕೊಳ್ಳುತ್ತದೆ, ಸರಪಳಿ ತುಂಡಾಗುತ್ತದೆ. ಬಟ್ಟೆ ನೋಡಲು ಹಾಗೆಯೇ ಇರುತ್ತದೆ.

ಬಯಲುಸೀಮೆಯವ

ಮೇಷ್ಟ್ರೇ, ನೇರ ಪ್ರಶ್ನೆ. ಎಕೆ-47 ಗುಂಡನ್ನು ಕೆವ್ಲಾರ್ ತಡೆಯುತ್ತದೆಯೇ ಇಲ್ಲವೇ? ಚಿತ್ರಗಳಲ್ಲಿ ನೋಡಿದರೆ ಎಲ್ಲವನ್ನೂ ತಡೆಯುತ್ತದೆ.

ಘಟಪ್ರಭಾ

ತಡೆಯುವುದಿಲ್ಲ. ಮೇಷ್ಟ್ರ ಪರವಾಗಿ ನಾನೇ ಹೇಳುತ್ತೇನೆ, ಏಕೆಂದರೆ ಇದು ನಾನು ಕೆಲಸ ಮಾಡಿದ ಕ್ಷೇತ್ರ. ಕಾಂಪೊಸಿಟ್, ಅಂದರೆ ನೂಲು ಮತ್ತು ರಾಳ ಸೇರಿಸಿ ಮಾಡುವ ಗಟ್ಟಿ ವಸ್ತು, ತಯಾರಿಸುವ ಘಟಕದಲ್ಲಿ ಗುಣಮಟ್ಟ ಪರಿಶೀಲನೆ ನೋಡಿಕೊಳ್ಳುತ್ತಿದ್ದೆ.

ಮಡಚಬಹುದಾದ ಮೆತ್ತನೆಯ ಜಾಕೆಟ್ ಪಿಸ್ತೂಲು, ರಿವಾಲ್ವರ್, ಕಾರ್ಬೈನಿನ 9 ಎಂಎಂ ಗುಂಡಿನವರೆಗೆ. ರೈಫಲ್ ಗುಂಡಿಗೆ ಪ್ಲೇಟ್ ಬೇಕೇ ಬೇಕು. ಜಾಕೆಟ್‌ನ ಎದೆ ಮತ್ತು ಬೆನ್ನಿನ ಕಿಸೆಗಳಲ್ಲಿ ತೂರಿಸುತ್ತಾರಲ್ಲ, ಅದು. ಪ್ಲೇಟ್ ತೆಗೆದಿಟ್ಟು ಬರೀ ಜಾಕೆಟ್ ತೊಟ್ಟು ರೈಫಲ್ ಇರುವವನ ಎದುರಿಗೆ ಹೋದರೆ ಅಂಗಿ ತೊಟ್ಟು ಹೋದಂತೆಯೇ ಲೆಕ್ಕ. ಭಾರ ಎಂದು ಪ್ಲೇಟ್ ತೆಗೆದಿಡುವವರು ಇದ್ದಾರೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪ್ಲೇಟ್ ಮಾಡುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಹೀಗಿರುತ್ತದೆ. ರಾಳ ಸವರಿದ ಪಾಲಿಎಥಿಲೀನ್ ಹಾಳೆಗಳು ಸುರುಳಿಯಲ್ಲಿ ಬರುತ್ತವೆ, ಮುಟ್ಟಿದರೆ ಮೇಣದ ಜಾರು. ಒಂದು ಹಾಳೆಯ ನೂಲು ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಹೀಗೆ ಹತ್ತಾರು ಹಾಳೆ ಜೋಡಿಸಿ, ಎದೆಯ ಬಾಗಿಗೆ ಹೊಂದುವ ಅಚ್ಚಿನಲ್ಲಿಟ್ಟು ಬಿಸಿ ಪ್ರೆಸ್‌ನಲ್ಲಿ ಒತ್ತುತ್ತಾರೆ. ಬಿಸಿ ಒಂದಿಷ್ಟು ಹೆಚ್ಚಾದರೂ ನೂಲು ಕೆಡುತ್ತದೆ, ಕಡಿಮೆಯಾದರೆ ಪದರಗಳು ಬಿಟ್ಟುಕೊಳ್ಳುತ್ತವೆ. ಆ ಹಲಗೆಯ ಮುಂಭಾಗಕ್ಕೆ ಸೆರಾಮಿಕ್, ಅಂದರೆ ಪಿಂಗಾಣಿಯಂಥ ಗಟ್ಟಿ ವಸ್ತು, ಅಂಟಿಸಿ, ಮೇಲೆ ಬಟ್ಟೆ ಸುತ್ತಿ ಅಂಚು ಮುಚ್ಚುತ್ತಾರೆ. ಸೆರಾಮಿಕ್‌ನ ಕೆಲಸ ಗುಂಡಿನ ಉಕ್ಕಿನ ತಿರುಳನ್ನು ಪುಡಿ ಮಾಡುವುದು, ತಾನೂ ಪುಡಿಯಾಗುವುದು. ಹಿಂದಿನ ಹಲಗೆಯ ಕೆಲಸ ಆ ಪುಡಿಯನ್ನೆಲ್ಲ ಹಿಡಿದುಕೊಳ್ಳುವುದು.

ಸೆರಾಮಿಕ್‌ನಲ್ಲಿ ಮೂರು ಬಗೆ. ಅಲ್ಯುಮಿನಾ ಅಗ್ಗ, ಆದರೆ ಭಾರ; ಸಾಂದ್ರತೆ ಸುಮಾರು 3.9. ಸಿಲಿಕಾನ್ ಕಾರ್ಬೈಡ್ ನಡುವಿನದು, 3.2. ಬೋರಾನ್ ಕಾರ್ಬೈಡ್ 2.5, ಎಲ್ಲಕ್ಕಿಂತ ಹಗುರ, ಎಲ್ಲಕ್ಕಿಂತ ಗಟ್ಟಿ, ಎಲ್ಲಕ್ಕಿಂತ ದುಬಾರಿ. ಸುಮಾರು 2,000 ಡಿಗ್ರಿ ಬಿಸಿಯಲ್ಲಿ ಒತ್ತಿ ತಯಾರಿಸಬೇಕು. ಹಾಗೆಂದು ದುಬಾರಿಯಾದದ್ದೇ ಎಲ್ಲದಕ್ಕೂ ಮದ್ದಲ್ಲ. ಅತಿ ವೇಗದ ಹೊಡೆತಕ್ಕೆ, ಒತ್ತಡ 20 ಗಿಗಾಪಾಸ್ಕಲ್ (ಗಾಳಿಯ ಒತ್ತಡದ ಸುಮಾರು ಎರಡು ಲಕ್ಷ ಪಟ್ಟು) ಆಸುಪಾಸಿಗೆ ಏರಿದಾಗ, ಬೋರಾನ್ ಕಾರ್ಬೈಡ್‌ನ ಹರಳಿನ ರಚನೆಯೇ ಸಣ್ಣ ಸಣ್ಣ ಪಟ್ಟಿಗಳಲ್ಲಿ ಕುಸಿದು ಬಲ ಇಳಿಯುತ್ತದೆ ಎಂಬುದನ್ನು 2003ರಲ್ಲಿ ವಿಜ್ಞಾನಿಗಳು ತೋರಿಸಿದರು. ಯಾವ ಗುಂಡಿಗೆ ಯಾವ ಸೆರಾಮಿಕ್ ಎಂಬುದು ನಿಜವಾದ ಪ್ರಶ್ನೆ.

ಇನ್ನೊಂದು ಮಾತು. ಪ್ಲೇಟ್ ಅನ್ನು ಎತ್ತಿ ಎಸೆಯಬೇಡಿ, ಸಿಮೆಂಟ್ ನೆಲಕ್ಕೆ ಕೆಡವಬೇಡಿ. ಬಟ್ಟೆಯ ಒಳಗೆ ಸೆರಾಮಿಕ್ ಬಿರುಕು ಬಿಟ್ಟಿದ್ದರೆ ಹೊರಗೆ ಕಾಣುವುದಿಲ್ಲ. ಬೆರಳ ಗಂಟಿನಿಂದ ತಟ್ಟಿ ಸದ್ದು ಕೇಳುವ ಅಭ್ಯಾಸ ನಮಗಿತ್ತು. ದೊಡ್ಡ ಬಿರುಕಿದ್ದರೆ ಸದ್ದು ಒಡೆದು ಬರುತ್ತದೆ. ಸಣ್ಣ ಬಿರುಕಿಗೆ ಎಕ್ಸ್‌ರೇಯೇ ಗತಿ.

ನಿವೃತ್ತ ಎಎಸ್‌ಐ

ನೀವೆಲ್ಲ ಗುಂಡಿನ ಬಗ್ಗೆ ಬರೆಯುತ್ತಿದ್ದೀರಿ. ನಮ್ಮ ಕರ್ನಾಟಕದಲ್ಲಿ ಪೊಲೀಸನ ಮೇಲೆ ಗುಂಡು ಬೀಳುವುದು ಅಪರೂಪ, ಕಲ್ಲು ಬೀಳುವುದು ಮಾಮೂಲು. ಹಾಗಾಗಿ ನಾನು ಹೆಲ್ಮೆಟ್ ಮತ್ತು ಶೀಲ್ಡ್ ಬಗ್ಗೆ ಹೇಳುತ್ತೇನೆ.

ನಾನು ಸೇವೆಗೆ ಸೇರಿದಾಗ ಬೆತ್ತದ ಶೀಲ್ಡ್. ಹಗುರ, ಕಲ್ಲು ಬಿದ್ದರೆ ಪುಟಿಯುತ್ತಿತ್ತು, ಸಂದಿಯಲ್ಲಿ ಎದುರಿಗಿರುವವರು ಕಾಣುತ್ತಿದ್ದರು. ಆದರೆ ಸಣ್ಣ ಕಲ್ಲು, ಗಾಜಿನ ಚೂರು, ಎರಚಿದ ಸೀಮೆಎಣ್ಣೆ ಎಲ್ಲವೂ ಅದೇ ಸಂದಿಯಲ್ಲಿ ಒಳಗೆ ಬರುತ್ತಿದ್ದವು. ಆಮೇಲೆ ಬಂದದ್ದು ಪಾರದರ್ಶಕ ಪಾಲಿಕಾರ್ಬೊನೇಟ್ ಶೀಲ್ಡ್. ಹೊಸದಿದ್ದಾಗ ಬಹಳ ಚೆನ್ನ. ಕೆಲ ವರ್ಷ ಬಿಸಿಲಿಗೆ ಬಿದ್ದರೆ ಹಳದಿಗಟ್ಟುತ್ತದೆ, ಲಾರಿಯಲ್ಲಿ ಒಂದರ ಮೇಲೊಂದು ತುಂಬಿ ಉಜ್ಜಿ ಉಜ್ಜಿ ಗೀರು ಬೀಳುತ್ತದೆ. ಹೆಲ್ಮೆಟ್‌ನ ಮುಖಗವಸಿನ ಗತಿಯೂ ಅಷ್ಟೇ. ರಾತ್ರಿ ಬಂದೋಬಸ್ತಿನಲ್ಲಿ ಎದುರಿನ ವಾಹನದ ದೀಪ ಬಿದ್ದರೆ ಆ ಗೀರುಗಳೆಲ್ಲ ಬೆಳಗಿ ಎದುರಿಗೆ ಏನಿದೆ ಎಂದೇ ಕಾಣುವುದಿಲ್ಲ. ಕಾಣುವುದಿಲ್ಲವೆಂದು ಹುಡುಗರು ಮುಖಗವಸನ್ನು ಮೇಲಕ್ಕೆ ಎತ್ತುತ್ತಾರೆ. ಕಲ್ಲು ಬರುವುದು ಆಗಲೇ. ಒಬ್ಬ ಹುಡುಗನ ಕಣ್ಣು ಹೀಗೆಯೇ ಹೋಯಿತು. ಅವನ ಹೆಲ್ಮೆಟ್‌ನಲ್ಲಿ ಲೋಪವೇನೂ ಇರಲಿಲ್ಲ, ಬದಲಿ ಮುಖಗವಸು ಸ್ಟೋರ್‌ನಲ್ಲಿ ಇರಲಿಲ್ಲ.

ಪಾಲಿಮರ್ ಮೇಷ್ಟ್ರು

ಎಎಸ್‌ಐ ಸಾಹೇಬರೇ, ಓದಿ ಸಂಕಟವಾಯಿತು. ಪಾಲಿಕಾರ್ಬೊನೇಟ್ ಬಗ್ಗೆ ಸ್ಟೋರ್ ನೋಡಿಕೊಳ್ಳುವವರಿಗೆ ತಿಳಿದಿರಬೇಕಾದ ಒಂದು ಸಂಗತಿ ಇದೆ. ಗೀರು, ಬಣ್ಣದ ಕಲೆ ತೆಗೆಯಲೆಂದು ಥಿನ್ನರ್, ಅಸಿಟೋನ್, ಪೆಟ್ರೋಲ್ ಹಾಕಿ ಒರೆಸಬಾರದು. ಹೊರಗೆ ಹೊಳಪು ಬಂದಂತೆ ಕಂಡರೂ ಒಳಗೆ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಆಮೇಲೆ ಸಣ್ಣ ಪೆಟ್ಟಿಗೂ ಒಡೆಯುತ್ತದೆ. ಸೋಪಿನ ನೀರು, ಮೆತ್ತನೆಯ ಬಟ್ಟೆ ಸಾಕು. 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಹರ್ಮನ್ ಶ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಡೇನಿಯಲ್ ಫಾಕ್ಸ್ ಒಬ್ಬರಿಗೊಬ್ಬರು ತಿಳಿಯದೆ ಕಂಡುಹಿಡಿದ ವಸ್ತು ಇದು. ಮಾಕ್ರೊಲಾನ್, ಲೆಕ್ಸಾನ್ ಎಂಬ ಹೆಸರುಗಳನ್ನು ಕೇಳಿರುತ್ತೀರಿ.

ಕಡಲತಡಿಯವಳು

ಜೈಲಾನ್ ತೇವಕ್ಕೆ ಕೆಟ್ಟಿತು ಎಂದಿರಿ. ನಮ್ಮ ಮಂಗಳೂರು, ಉಡುಪಿ, ಕಾರವಾರದ ಕಡೆ ಮಳೆಗಾಲದಲ್ಲಿ ಕಬ್ಬಿಣದ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಠಾಣೆಯ ಮೂಲೆಯಲ್ಲಿ ಮಡಚಿಟ್ಟ ಜಾಕೆಟ್‌ಗಳ ಕಥೆ ಏನು? ಕೆವ್ಲಾರ್‌ಗೆ ಏನೂ ಆಗುವುದಿಲ್ಲವೇ?

ಘಟಪ್ರಭಾ

ಅರಾಮಿಡ್ ಒದ್ದೆಯಾದರೆ ಗುಂಡು ತಡೆಯುವ ಶಕ್ತಿ ಕಡಿಮೆಯಾಗುತ್ತದೆ, ನೂಲುಗಳು ಒಂದರ ಮೇಲೊಂದು ಜಾರುತ್ತವೆ. ಬಿಸಿಲಿನ ಅತಿನೇರಳೆ ಕಿರಣವೂ ಅದಕ್ಕೆ ಆಗದು. ಅದಕ್ಕೇ ಪ್ಯಾನೆಲ್‌ಗಳನ್ನು ನೀರು ಹೋಗದ, ಬೆಳಕು ಹೋಗದ ಚೀಲದಲ್ಲಿ ಅಂಚು ಬೆಸೆದು ಮುಚ್ಚುತ್ತಾರೆ. ಪ್ರತಿ ತಿಂಗಳು ನೋಡಬೇಕಾದುದು ಆ ಚೀಲವನ್ನೇ. ಎಲ್ಲಿಯಾದರೂ ಹರಿದಿದೆಯೇ, ಅಂಚು ಬಿಟ್ಟಿದೆಯೇ, ಒಳಗೆ ನೀರಿನ ಗುರುತಿದೆಯೇ? ಮಡಚಿ ಇಡಬಾರದು, ಮೊಳೆಗೆ ನೇತುಹಾಕಬಾರದು, ಚಪ್ಪಟೆಯಾಗಿ ಮಲಗಿಸಬೇಕು. ಒಗೆಯುವುದು ಹೊರಗವಸನ್ನು ಮಾತ್ರ.

ಜೈಲಾನ್ ಪ್ರಕರಣದ ನಂತರ ಎನ್‌ಐಜೆ 2008ರಲ್ಲಿ ತನ್ನ ಮಾನದಂಡವನ್ನು ಬಿಗಿಗೊಳಿಸಿತು. ಹೊಸ ಜಾಕೆಟ್‌ಗಳನ್ನು 65 ಡಿಗ್ರಿ ಬಿಸಿ, ಶೇ 80ರಷ್ಟು ತೇವಾಂಶದಲ್ಲಿ ತಿರುಗುವ ಡ್ರಮ್ಮಿನೊಳಗೆ 10 ದಿನ ಉರುಳಿಸಿ, ಆಮೇಲೆ ಗುಂಡು ಹಾರಿಸಿ ನೋಡಬೇಕು. ಸುಮಾರು 72,000 ಸುತ್ತು. ನಮ್ಮ ಕರಾವಳಿಗೆ ಕೊಳ್ಳುವ ಜಾಕೆಟ್‌ಗಳಿಗೂ ಇಂಥದೊಂದು ಷರತ್ತು ಇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆನೇಕಲ್ ಹುಡುಗ

ಭಾರತದಲ್ಲಿ ಮಾಡುವವರ ಬಗ್ಗೆ ಯಾರೂ ಬರೆಯಲಿಲ್ಲವಲ್ಲ! ನಮ್ಮ ಜಿಗಣಿಯಿಂದಲೇ ಶುರು ಮಾಡುತ್ತೇನೆ. 2009ರಲ್ಲಿ ಸೇನೆಗೆ 1.86 ಲಕ್ಷ ಬುಲೆಟ್ ಪ್ರೂಫ್ ಜಾಕೆಟ್ ಕೊಳ್ಳಲು ಒಪ್ಪಿಗೆ ಸಿಕ್ಕಿತ್ತು. ಪರೀಕ್ಷೆಗಳಲ್ಲಿ ಬಂದವು ಪಾಸಾಗದೆ ವರ್ಷಗಳು ಉರುಳಿದವು. ಕೊನೆಗೆ ತುರ್ತಿಗೆಂದು 2016ರಲ್ಲಿ 50,000 ಜಾಕೆಟ್‌ಗಳ ಗುತ್ತಿಗೆ ಸಿಕ್ಕಿದ್ದು ಬೆಂಗಳೂರಿನ ಜಿಗಣಿ ಕೈಗಾರಿಕಾ ಪ್ರದೇಶದ ಟಾಟಾ ಅಡ್ವಾನ್ಸ್ಡ್ ಮೆಟೀರಿಯಲ್ಸ್‌ಗೆ. ಆ ದೊಡ್ಡ ಗುತ್ತಿಗೆ, 1.86 ಲಕ್ಷ ಜಾಕೆಟ್‌ನದು, 639 ಕೋಟಿ ರೂಪಾಯಿಗೆ ದೆಹಲಿಯ ಎಸ್‌ಎಂಪಿಪಿ ಕಂಪನಿಗೆ ಸಿಕ್ಕಿದ್ದು 2018ರಲ್ಲಿ. ಅವು ಬೋರಾನ್ ಕಾರ್ಬೈಡ್ ಪ್ಲೇಟ್‌ಗಳು. ಹೆಲ್ಮೆಟ್ ಎಂದರೆ ಕಾನ್ಪುರದ ಎಂಕೆಯು, ಸೇನೆಯಿಂದ 1.58 ಲಕ್ಷ ಹೆಲ್ಮೆಟ್‌ಗಳ ಗುತ್ತಿಗೆ ಪಡೆದವರು ಅವರು.

ಸರ್ಕಾರದ ಕಡೆಯಿಂದ ಹೈದರಾಬಾದಿನ ಮಿಶ್ರ ಧಾತು ನಿಗಮ ಅಂದರೆ ಮಿಧಾನಿ, ಭಾಭಾ ಅಣು ಸಂಶೋಧನಾ ಕೇಂದ್ರದ ತಂತ್ರಜ್ಞಾನದಲ್ಲಿ ಭಾಭಾ ಕವಚ ತಯಾರಿಸುತ್ತದೆ. ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ಕಾನ್ಪುರ ಪ್ರಯೋಗಾಲಯ 2024ರ ಏಪ್ರಿಲ್‌ನಲ್ಲಿ ಅತಿ ಹೆಚ್ಚಿನ, ಅಂದರೆ ಆರನೆಯ ಮಟ್ಟದ ಗುಂಡನ್ನು ತಡೆಯುವ ಹಗುರ ಜಾಕೆಟ್ ತಯಾರಿಸಿದ್ದನ್ನು ಪ್ರಕಟಿಸಿತು. ಪರೀಕ್ಷೆ ನಡೆದದ್ದು ಅದೇ ಸಂಸ್ಥೆಯ ಚಂಡೀಗಢದ ಪ್ರಯೋಗಾಲಯ ಟಿಬಿಆರ್‌ಎಲ್‌ನಲ್ಲಿ. ಅದೇ ಸೆಪ್ಟೆಂಬರ್‌ನಲ್ಲಿ ದೆಹಲಿ ಐಐಟಿ ಜೊತೆ ಸೇರಿ ಮಾಡಿದ ಅಭೇದ್ ಜಾಕೆಟ್ ಬಂತು, ಕನಿಷ್ಠ ತೂಕ 8.2 ಕಿಲೊ. ನಮ್ಮವರು ಯಾರಿಗೇನು ಕಡಿಮೆ?

ಘಟಪ್ರಭಾ

ಕಡಿಮೆ ಏನೂ ಇಲ್ಲ ತಮ್ಮಾ, ಹೆಮ್ಮೆ ನನಗೂ ಇದೆ. ಆದರೆ ಜಾಕೆಟ್ ಇಲ್ಲಿ ಹೊಲಿದದ್ದು ಎಂದರೆ ನೂಲೂ ಇಲ್ಲಿಯದೇ ಎಂದಲ್ಲ. ಗಾಲ್ವಾನ್ ಘರ್ಷಣೆ ನಡೆದ 2020ರಲ್ಲಿ, ನಮ್ಮ ಸೈನಿಕರ ಜಾಕೆಟ್‌ಗೆ ಚೀನಾದಿಂದ ಕಚ್ಚಾವಸ್ತು ಬರುತ್ತಿದೆ ಎಂಬ ವಿಷಯ ದೊಡ್ಡ ಚರ್ಚೆಯಾಯಿತು. ನೀತಿ ಆಯೋಗದ ಸದಸ್ಯರಾಗಿದ್ದ ವಿ. ಕೆ. ಸಾರಸ್ವತ್ ಅವರೇ ಅದಕ್ಕೆ ಆಕ್ಷೇಪ ಎತ್ತಿದ್ದರು. ಚೀನಾದ್ದು ಅಗ್ಗ ಎಂಬುದೊಂದೇ ಕಾರಣ. ನೂಲಿನಿಂದ ಹಿಡಿದು ಪ್ಲೇಟ್‌ವರೆಗೆ ಎಲ್ಲವೂ ಇಲ್ಲೇ ಆಗಬೇಕು, ಅದಕ್ಕೆ ಹಣ ಮತ್ತು ಸಹನೆ ಎರಡೂ ಬೇಕು.

ಗುಂಡಿನ ಮಟ್ಟದ ಬಗ್ಗೆ ಒಂದು ಮಾತು. 2018ರಲ್ಲಿ ನಮ್ಮ ಮಾನಕ ಬ್ಯೂರೊ ಐಎಸ್ 17051 ಎಂಬ ಸ್ವಂತ ಮಾನದಂಡ ತಂದಿತು. ಇದು ಬಹಳ ಒಳ್ಳೆಯ ಕೆಲಸ. ಏಕೆಂದರೆ ಅಮೆರಿಕದ ಮಾನದಂಡ ಅವರ ಬೀದಿಗಳ ಬಂದೂಕುಗಳನ್ನು ನೋಡಿ ಬರೆದದ್ದು. ನಮ್ಮ ಯೋಧರು ಎದುರಿಸುವುದು ಎಕೆ ರೈಫಲ್‌ನ ಗುಂಡನ್ನು, ಅದರಲ್ಲೂ ಗಟ್ಟಿ ಉಕ್ಕಿನ ತಿರುಳಿನ ಗುಂಡನ್ನು. ಕಾಶ್ಮೀರದ ಲೇತ್‌ಪೋರಾದಲ್ಲಿ 2017ರ ಕೊನೆಯ ದಿನ ಸಿಆರ್‌ಪಿಎಫ್ ಶಿಬಿರದ ಮೇಲೆ ದಾಳಿಯಾದ ಮೇಲೆ ಅಂಥ ಗುಂಡಿನ ಅಪಾಯ ಎಲ್ಲರಿಗೂ ಮನವರಿಕೆಯಾಯಿತು. ಸಾದಾ ಎಕೆ ಗುಂಡನ್ನು ತಡೆಯುವ ಪ್ಲೇಟ್ ಅದನ್ನು ತಡೆಯುತ್ತದೆ ಎಂಬ ಭರವಸೆ ಇಲ್ಲ. ಚೀಟಿಯ ಮೇಲಿನ ಮಟ್ಟದ ಸಂಖ್ಯೆ ಅಳಿಸಬಾರದು ಎನ್ನುವುದು ಇದಕ್ಕಾಗಿ.

ಬಯಲುಸೀಮೆಯವ

ವಿದೇಶದ್ದಾದರೆ ಗುಣಮಟ್ಟ ಚೆನ್ನಾಗಿರುತ್ತದೆ, ಅವರಲ್ಲಿ ತಪಾಸಣೆ ಬಿಗಿ ಎಂದು ನಾನು ತಿಳಿದಿದ್ದೆ. ಒಂದಿಷ್ಟು ಹೆಚ್ಚು ಕೊಟ್ಟು ಅಲ್ಲಿಂದಲೇ ತರಿಸಿದರೆ ಆಗದೇ?

ತುಂಗಾತೀರ

ಅಲ್ಲಿಯೂ ಎಲ್ಲವೂ ಸರಿ ಇಲ್ಲ. ಅಮೆರಿಕದ ಸೇನೆಗೆಂದು ಆರ್ಮರ್‌ಸೋರ್ಸ್ ಕಂಪನಿ ಮತ್ತು ಅಲ್ಲಿನ ಕೇಂದ್ರ ಕಾರಾಗೃಹಗಳ ಕೈಗಾರಿಕಾ ವಿಭಾಗ ಸೇರಿ ಮಾಡಿದ ಹೆಲ್ಮೆಟ್‌ಗಳಲ್ಲಿ 1,26,052 ಹೆಲ್ಮೆಟ್‌ಗಳನ್ನು ವಾಪಸು ಪಡೆಯಬೇಕಾಯಿತು. ಟೆಕ್ಸಾಸ್‌ನ ಬೋಮಾಂಟ್ ಕಾರಾಗೃಹದಲ್ಲಿ ಕೈದಿಗಳಿಂದ ಮಾಡಿಸುತ್ತಿದ್ದರು. ನಿಯಮದಂತೆ ತಯಾರಿಸದೆ, ತಪಾಸಣೆಯ ದಾಖಲೆಗಳನ್ನೂ ತಿದ್ದಿದ್ದರು ಎಂದು 2016ರಲ್ಲಿ ಅವರದೇ ನ್ಯಾಯ ಇಲಾಖೆಯ ವರದಿ ಹೇಳಿತು. ಇರಾಕ್ ಯುದ್ಧದ ಕಾಲದಲ್ಲಿ ಸೈನಿಕರಿಗೆ ಜಾಕೆಟ್ ಮಾರಿ ಕೋಟಿಗಟ್ಟಲೆ ಗಳಿಸಿದ ಡಿಎಚ್‌ಬಿ ಇಂಡಸ್ಟ್ರೀಸ್‌ನ ಮುಖ್ಯಸ್ಥ ಡೇವಿಡ್ ಬ್ರೂಕ್ಸ್ ವಂಚನೆ ಪ್ರಕರಣದಲ್ಲಿ 17 ವರ್ಷ ಶಿಕ್ಷೆಗೆ ಒಳಗಾಗಿ ಜೈಲಿನಲ್ಲೇ 2016ರಲ್ಲಿ ತೀರಿಕೊಂಡರು. ದೇಶ ಯಾವುದಾದರೇನು, ಕೊಳ್ಳುವವನು ಕಣ್ಣಿಟ್ಟು ನೋಡದಿದ್ದರೆ ಮಾರುವವನು ಸಡಿಲ ಬಿಡುತ್ತಾನೆ.

ಕಡಲತಡಿಯವಳು

ಇನ್ನೊಂದು ವಿಷಯ. ನನ್ನ ಅತ್ತಿಗೆ ಮಹಿಳಾ ಕಾನ್‌ಸ್ಟೇಬಲ್. ಅವರಿಗೆ ಕೊಡುವುದು ಗಂಡಸರ ಅಳತೆಯ ಜಾಕೆಟ್. ಎದೆಯ ಬಳಿ ಎತ್ತಿಕೊಂಡು ಕಂಕುಳ ಪಕ್ಕದಲ್ಲಿ ಅಂಗೈ ಅಗಲ ಜಾಗ ಬಿಟ್ಟಿರುತ್ತದೆ. ಕುಳಿತರೆ ಗಂಟಲಿಗೆ ಒತ್ತುತ್ತದೆ. ಗುಂಡು ಪಕ್ಕದಿಂದ ಬಂದರೆ ಏನು ಮಾಡುವುದು? ಕೇಳಿದರೆ "ಅಡ್ಜಸ್ಟ್ ಮಾಡಿಕೊಳ್ಳಿ ಅಮ್ಮಾ" ಎಂಬ ಉತ್ತರ.

ಘಟಪ್ರಭಾ

ನಿಮ್ಮ ಅತ್ತಿಗೆ ಹೇಳುವುದು ನೂರಕ್ಕೆ ನೂರು ಸರಿ. ಹೆಂಗಸರ ಜಾಕೆಟ್‌ನಲ್ಲಿ ಬಟ್ಟೆಯನ್ನು ಬಾಗಿಸಿ ಅಥವಾ ಹೊಲಿದು ಆಕಾರ ಕೊಡುತ್ತಾರೆ. ಆ ಬಾಗಿನ ಮೇಲೆ, ಹೊಲಿಗೆಯ ಮೇಲೆ ಗುಂಡು ಬಿದ್ದಾಗ ಏನಾಗುತ್ತದೆ ಎಂಬುದನ್ನು ಬೇರೆಯಾಗಿ ಪರೀಕ್ಷಿಸಬೇಕು. 2023ರ ನವೆಂಬರ್‌ನಲ್ಲಿ ಬಂದ ಎನ್‌ಐಜೆಯ ಹೊಸ ಮಾನದಂಡದಲ್ಲಿ ಇದಕ್ಕೆಂದೇ ಪರೀಕ್ಷಾ ವಿಧಾನವನ್ನು ಸುಧಾರಿಸಿದ್ದಾರೆ. ಟೆಂಡರ್‌ನಲ್ಲಿ ಮಹಿಳೆಯರ ಅಳತೆ ಪ್ರತ್ಯೇಕವಾಗಿ ಬರೆಯದಿದ್ದರೆ ಯಾವ ಕಂಪನಿಯೂ ತಾನಾಗಿ ಮಾಡಿಕೊಡುವುದಿಲ್ಲ.

ಬಯಲುಸೀಮೆಯವ

ಗುಂಡು ನಿಂತರೂ ಪೆಟ್ಟಾಗುತ್ತದೆಯೇ?

ಪಾಲಿಮರ್ ಮೇಷ್ಟ್ರು

ಆಗುತ್ತದೆ. ಜಾಕೆಟ್ ಒಳಮುಖವಾಗಿ ಉಬ್ಬಿ ಎದೆಗೆ ಗುದ್ದುತ್ತದೆ. ಪರೀಕ್ಷೆಯಲ್ಲಿ ಜಾಕೆಟ್‌ನ ಹಿಂದೆ ಜೇಡಿಯಂಥ ಮೆತ್ತನೆಯ ಮಣ್ಣನ್ನಿಟ್ಟು ಗುಂಡು ಹಾರಿಸುತ್ತಾರೆ. ಅಮೆರಿಕದ ಮಾನದಂಡದಲ್ಲಿ ಕುಳಿಯ ಆಳ 44 ಮಿಲಿಮೀಟರ್ ಮೀರಬಾರದು. 1970ರ ದಶಕದಲ್ಲಿ ಆಡುಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಬಂದ ಅಂಕಿ ಅದು. ಹಾಗಾಗಿ ಗುಂಡು ಜಾಕೆಟ್‌ನಲ್ಲೇ ನಿಂತಿದೆ ಎಂದು ಸುಮ್ಮನಿರಬಾರದು, ಆಸ್ಪತ್ರೆಗೆ ಹೋಗಲೇಬೇಕು. ಗುಂಡು ತಿಂದ ಜಾಕೆಟ್ ಅನ್ನು ಮತ್ತೆ ಬಳಸಲೂಬಾರದು.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಇಷ್ಟೆಲ್ಲ ಓದಿದ ಮೇಲೆ ನಾನು ಕೇಳುವುದು ದೊಡ್ಡ ಬಜೆಟ್ ಅಲ್ಲ. ಒಟ್ಟಿಗೆ ತಯಾರಾದ ಪ್ರತಿ ತಂಡದ, ಅಂದರೆ ಬ್ಯಾಚಿನ, ಜಾಕೆಟ್‌ಗೂ ಒಂದು ರಿಜಿಸ್ಟರ್ ಇರಲಿ: ವಸ್ತು, ಮಟ್ಟ, ತಯಾರಾದ ತಿಂಗಳು, ಕೊಟ್ಟವರು, ತೊಟ್ಟವರು. ಮೆತ್ತನೆಯ ಜಾಕೆಟ್‌ಗೆ ತಯಾರಕರು ಸಾಮಾನ್ಯವಾಗಿ ಐದು ವರ್ಷದ ಭರವಸೆ ಕೊಡುತ್ತಾರೆ. ಅದಾದ ಮೇಲೆ ಪ್ರತಿ ತಂಡದಿಂದ ಕೆಲವನ್ನು ತೆಗೆದು ಗುಂಡು ಹಾರಿಸಿ ನೋಡಲಿ. ಬಳಸಿದ ಜಾಕೆಟ್‌ಗಳನ್ನು ತರಿಸಿ ಪರೀಕ್ಷಿಸಿದ್ದರಿಂದಲೇ ಅಲ್ಲವೇ ಜೈಲಾನ್‌ನ ಸತ್ಯ ಹೊರಬಿದ್ದದ್ದು? ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದೇ ಎಂದು ಯೋಚಿಸುತ್ತಿದ್ದೇನೆ.

ನಿವೃತ್ತ ಎಎಸ್‌ಐ

ಅರ್ಜಿ ಹಾಕಿ, ಆದರೆ ಎಷ್ಟು ಜಾಕೆಟ್ ಎಲ್ಲಿವೆ, ಯಾವ ಗುಂಡಿಗೆ ತಡೆಯುತ್ತವೆ ಎಂದು ಕೇಳಬೇಡಿ. ಭದ್ರತೆಯ ಕಾರಣ ಕೊಟ್ಟು ತಿರಸ್ಕರಿಸುತ್ತಾರೆ, ಅದು ತಪ್ಪೂ ಅಲ್ಲ. ಅಂಥ ಮಾಹಿತಿ ಬೀದಿಗೆ ಬರಬಾರದು. ಅವಧಿ ಮುಗಿದ ಜಾಕೆಟ್‌ಗಳನ್ನು ಪರೀಕ್ಷಿಸುವ, ವಿಲೇವಾರಿ ಮಾಡುವ ಸುತ್ತೋಲೆ ಇದೆಯೇ ಎಂದು ಮಾತ್ರ ಕೇಳಿ. ನಿಮ್ಮ ತಮ್ಮನಿಗೆ ಹೇಳಿ, ಪರೇಡ್ ಮುಗಿದ ಮೇಲೆ ಅಹವಾಲು ಕೇಳುವಾಗ ಚೀಟಿ ಅಳಿಸಿದ ಜಾಕೆಟ್ ಅನ್ನು ಕೈಯಲ್ಲಿ ಹಿಡಿದೇ ಹೋಗಲಿ. ಬಾಯಿಮಾತಿಗಿಂತ ಅದು ಬೇಗ ಮುಟ್ಟುತ್ತದೆ.

ಇನ್ನೊಂದು ಸೇರಿಸಿಕೊಳ್ಳಿ. ಅವಧಿ ಮುಗಿದ ಪ್ಯಾನೆಲ್‌ಗಳನ್ನು ಕತ್ತರಿಸಿ ನಾಶ ಮಾಡಿ, ರಿಜಿಸ್ಟರ್‌ನಲ್ಲಿ ಅಧಿಕಾರಿ ಸಹಿ ಹಾಕಬೇಕು. ಒಂದು ಕಡೆ ಹಳೆಯ ಜಾಕೆಟ್‌ಗಳನ್ನು ಚುನಾವಣೆ ಡ್ಯೂಟಿಗೆ ಬಂದ ಗೃಹರಕ್ಷಕರಿಗೆ ಹಂಚಿದ್ದನ್ನು ನಾನೇ ನೋಡಿದ್ದೇನೆ. ಪಾಪ, ಅವರು ತಮಗೂ ಜಾಕೆಟ್ ಸಿಕ್ಕಿತೆಂದು ಸಂತೋಷಪಟ್ಟು ತೊಟ್ಟರು.